ಅತ್ತೆ ಆರಿಸಿದ ರೇಡಿಯೋ

ಅತ್ತೆಯ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲು ಗೆರೆಯಾಗಿ ಅದುಮಿಕೊಂಡಿತ್ತು. ಅದು ಬೈತಲೆಯಲ್ಲ, ಬೈತಲೆಗೆ ಅಡ್ಡವಾಗಿ ಹೋಗುವ ಗೆರೆ. ದೂರದ ಊರುಗಳ ಫೋನು ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಫೋನಿನ ಕಂಬಿ ಕೂತು ಆದ ಗುರುತು. ಭಾನುವಾರ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡರೂ ಕೂದಲು ಒಣಗುವಷ್ಟರಲ್ಲಿ ಆ ಗೆರೆ ಮತ್ತೆ ಬಂದು ಅಲ್ಲೇ ಕೂರುತ್ತಿತ್ತು.

ಅವರು ಅಪ್ಪನ ತಂಗಿ. ಮೈಸೂರಿನಿಂದ ಕೆಲಸಕ್ಕೆಂದು ಮುಂಬಯಿಗೆ ಬಂದು ಮಾಟುಂಗದ ನಮ್ಮ ಮನೆಯಲ್ಲೇ ಉಳಿದರು. ದಿನವಿಡೀ ಬೇರೆಯವರ ಮಾತನ್ನು ಊರಿಂದೂರಿಗೆ ದಾಟಿಸುತ್ತಿದ್ದ ಅವರು ಮನೆಯಲ್ಲಿ ಆಡುತ್ತಿದ್ದ ಮಾತು ಕಡಿಮೆ. ಸಾವಿನ ಸುದ್ದಿ ಹೇಳಲು ಟ್ರಂಕ್ ಕಾಲ್ ಮಾಡುವವರು ನಡುವೆ ನಿಲ್ಲಿಸುವುದೇ ಇಲ್ಲವಂತೆ, ಸಮಯ ಮುಗಿಯಿತೆಂದು ಹೇಳಲೂ ಎಡೆ ಸಿಗುವುದಿಲ್ಲವಂತೆ. "ಅಳೋರೂ ಉಸಿರು ಎಳ್ಕೋಬೇಕಲ್ಲ ಮಗು, ಆ ಸಂದಿನಲ್ಲಿ ಹೇಳ್ಬೇಕು. ಚಿಕ್ಕದಾಗಿ ಹೇಳ್ಬೇಕು," ಎನ್ನುತ್ತಿದ್ದರು. ಕೆಳಗಿನ ಮನೆಯ ಮರಾಠಿ ಹೆಂಗಸು ಒಮ್ಮೆ, ನಾವು ಒಣಹಾಕಿದ ಬಟ್ಟೆಯ ನೀರು ತನ್ನ ಉಪ್ಪಿನಕಾಯಿ ಭರಣಿಗೆ ಬಿತ್ತೆಂದು ಬಾಗಿಲಲ್ಲಿ ನಿಂತು ಕೂಗಾಡಿದರು. ಅತ್ತೆ ತಲೆಯಾಡಿಸುತ್ತಾ ಕಾದರು. ಆಕೆ ಉಸಿರು ತೆಗೆದುಕೊಂಡ ಕ್ಷಣಕ್ಕೆ "ಚಹಾ?" ಎಂದರು. ಆ ಹೆಂಗಸಿಗೆ ಮುಂದಿನ ಬೈಗುಳ ನೆನಪಿಗೇ ಬರಲಿಲ್ಲ. ಒಳಗೆ ಬಂದು ಕೂತರು.

ನನ್ನ ತಮ್ಮನಿಗೆ ವಿಲೆ ಪಾರ್ಲೆಯ ಕಾರ್ಗೋ ಆಫೀಸಿನಲ್ಲಿ ಕೆಲಸ, ಜೀವ ಮಾತ್ರ ಜೀಪಿನಲ್ಲಿ. ಬೈಕುಲ್ಲಾದಲ್ಲಿ ಗ್ಯಾರೇಜು ಇಟ್ಟಿದ್ದ ಅವನ ಗೆಳೆಯನ ಬಳಿ ಮಿಲಿಟರಿಯವರು ಹರಾಜು ಹಾಕಿದ ಎರಡು ಹಳೆಯ ಜೀಪುಗಳಿದ್ದವು. ರಜೆ ಬಂತೆಂದರೆ ಇಬ್ಬರೂ ಘಾಟಿನ ಕಡೆ ಹೋಗಿ, ರಸ್ತೆ ಬಿಟ್ಟು ಕಾಡಿನ ಜಾಡು ಹಿಡಿಯುತ್ತಿದ್ದರು. ಒಮ್ಮೆ ಮಂಜಿನಲ್ಲಿ ಎರಡು ಜೀಪುಗಳೂ ಬೇರೆಯಾಗಿ, ಒಬ್ಬರನ್ನೊಬ್ಬರು ಹುಡುಕುತ್ತಾ ಮಾರನೆಯ ದಿನ ಮನೆ ಸೇರಿದರು. ಅಮ್ಮ ಅಷ್ಟು ಹೊತ್ತೂ ಬಾಗಿಲು ಬಿಟ್ಟು ಕದಲಿರಲಿಲ್ಲ. "ಪೊಲೀಸರ ಹಾಗೆ ಕೈಯಲ್ಲಿ ಹಿಡಿದು ಮಾತಾಡೋ ರೇಡಿಯೋ ಬರೋವರೆಗೂ ನೀನು ಹೋಗಕೂಡದು," ಎಂದುಬಿಟ್ಟರು. ಅದನ್ನು ಇಟ್ಟುಕೊಳ್ಳುವ ಸರ್ಕಾರಿ ಪರವಾನಗಿಗೆಂದು ಗೆಳೆಯ ತಿಂಗಳುಗಟ್ಟಲೆ ಅಲೆದ. ಅದು ಸಿಕ್ಕ ಮೇಲೆ ನನ್ನ ತಮ್ಮ ಅತ್ತೆಯನ್ನು ಅಂಗಡಿಗೆ ಕರೆದ. "ನಿಮ್ಮ ಕಿವಿ ಬೇಕು ಅತ್ತೆ."

ಹಡಗುಗಳಿಂದ, ಕಾರ್ಖಾನೆಗಳಿಂದ ಬಂದ ಹಳೆಯ ಸೆಟ್ಟುಗಳ ಅಂಗಡಿಯದು, ಬೈಕುಲ್ಲಾದ ಒಂದು ಓಣಿಯಲ್ಲಿತ್ತು. ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಎರಡು ಜೋಡಿಗಳನ್ನು ಮೇಜಿನ ಮೇಲಿಟ್ಟ. ಒಂದು ತೆಳ್ಳಗೆ, ಚೆಂದವಾಗಿತ್ತು. ಅದರ ಗುಂಡಿ ಬೆಣ್ಣೆಯ ಹಾಗೆ ಒಳಗೆ ಹೋಗುತ್ತಿತ್ತು, ಒತ್ತಿ ಪಕ್ಕಕ್ಕೆ ಸರಿಸಿದರೆ ಹಾಗೇ ನಿಂತೂ ಬಿಡುತ್ತಿತ್ತು. ಇನ್ನೊಂದು ಇಟ್ಟಿಗೆಯಂತೆ ಭಾರ. ಅದರ ಗುಂಡಿ ಒತ್ತಿ ಹಿಡಿದರೆ ಹೆಬ್ಬೆರಳು ಬಿಳಿಚಿಕೊಳ್ಳುತ್ತಿತ್ತು.

ಅತ್ತೆ ಅಂಗಡಿಯೊಳಗೆ ಕೇಳಿ ನೋಡಲು ಒಪ್ಪಲಿಲ್ಲ. ಗೆಳೆಯನಿಂದ ಜೀಪು ಸ್ಟಾರ್ಟ್ ಮಾಡಿಸಿ ಅದರ ಪಕ್ಕ ತಾವು ನಿಂತರು. ತಮ್ಮನನ್ನು ಕೈಗಾಡಿಗಳ ಗದ್ದಲದ ಆಚೆ ತುದಿಗೆ ಕಳಿಸಿದರು. ಎರಡು ಜೋಡಿಯಲ್ಲೂ ಮಾತು ಸರಿಯಾಗಿಯೇ ಕೇಳಿಸಿತು. ತಮ್ಮ ಮರಳಿ ಬಂದ ಮೇಲೆ ತೆಳ್ಳನೆಯದರ ಗುಂಡಿಯನ್ನು ಒತ್ತುತ್ತಾ, ಸರಿಸುತ್ತಾ ಬಹಳ ಹೊತ್ತು ನಿಂತರು.

"ನೀನು ಮಾತಾಡ್ತಿರೋವಾಗ ನಿನಗೆ ಬೇರೆ ಯಾರದ್ದೂ ಕೇಳಲ್ಲ, ಅಲ್ವೇನೋ?"

"ಇಲ್ಲ ಅತ್ತೆ. ಇದು ಫೋನ್ ಅಲ್ಲ. ಒತ್ತಿದ್ರೆ ಮಾತು, ಬಿಟ್ರೆ ಕೇಳೋದು. ಸಿಂಪಲ್."

"ಹಾಗಾದ್ರೆ ಇದು ಬೇಡ. ಬೆರಳು ಸುಸ್ತಾದ್ರೆ ತಾನೇ ಬಿಟ್ಟುಹೋಗೋ ಅಂಥದ್ದು ಬೇಕು."

"ಆಂಟಿ, ಅಂಗೂಠಾ ಟೂಟ್ ಜಾಯೇಗಾ!" ಎಂದು ಗೆಳೆಯ ತನ್ನ ಹೆಬ್ಬೆರಳನ್ನು ಮುರಿದುಹೋಗುವಂತೆ ಬಗ್ಗಿಸಿ ತೋರಿಸಿದ.

"ಟೂಟ್‌ನೇ ದೋ, ಮುರೀಲಿ," ಎಂದರು ಅತ್ತೆ.

ಅಂಗಡಿಯವನೂ ನಕ್ಕ. ಭಾರದ ಸೆಟ್ಟಿಗೆ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುವ ಸೆಲ್ಲು ಸಾಕಿತ್ತು, ಹೀಗಾಗಿ ಗೆಳೆಯನೂ ಕೊನೆಗೆ ಒಪ್ಪಿದ.

ಅಭ್ಯಾಸ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನಡೆಯಿತು. ತಮ್ಮ ಒಂದು ಸೆಟ್ಟು ಹಿಡಿದು ಸ್ಟೇಶನ್ನಿನ ಸೇತುವೆಗೆ ಹೋಗಿ ಅಲ್ಲಿಂದ ಮಾತಾಡುವುದು, ಅತ್ತೆ ಇಲ್ಲಿ ಕೇಳುವುದು. ಬಿಗಿ ಗುಂಡಿಯಿಂದ ಅವನ ಬೆರಳು ಬೇಗ ಬೇಗ ಜಾರುತ್ತಿತ್ತು. ಪ್ರತಿ ಮಾತಿನ ಬಾಲ ಕತ್ತರಿಸಿಹೋಗುತ್ತಿತ್ತು. ಅತ್ತೆಗೆ ಸಿಟ್ಟು ಬಂತು. "ಪೂರ್ತಿ ಹೇಳಿ ಮುಗಿಸೋವರೆಗೂ ಬಿಡಬೇಡ ಕಣೋ! ಏನೇ ಆದ್ರೂ ನಡುವೆ ಬಿಡಬೇಡ!" ಕೆಲವು ಸಂಜೆಗಳಲ್ಲಿ ಅವನು ಅದನ್ನು ಚೆನ್ನಾಗಿ ಕಲಿತ.

ಮಳೆಗಾಲದ ಕೊನೆಯಲ್ಲಿ ಹೊಸ ರೇಡಿಯೋ ಹಿಡಿದು ಹೊರಟಾಗ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ಗ್ಯಾರೇಜಿನ ಮೆಕ್ಯಾನಿಕ್ ನಮ್ಮ ಜೀಪನ್ನು ಓಡಿಸುತ್ತಿದ್ದ. ಮುಂದಿನ ಜೀಪಿನಲ್ಲಿ ತಮ್ಮ, ಅವನ ಗೆಳೆಯ. ಕಣಿವೆಯಲ್ಲಿ ಒಂದು ಹಳ್ಳ ದಾಟಬೇಕಿತ್ತು. ಅವರು ಇಳಿದು ನೋಡಿ ಕರೆಯುವವರೆಗೆ ನಾವು ಮೇಲಿನ ತಿರುವಿನಲ್ಲೇ ನಿಲ್ಲಬೇಕೆಂದು ಮಾತಾಗಿತ್ತು. ನಿಂತೆವು. ಕೆಳಗೆ ಜೀಪು ದಡದಲ್ಲಿ ನಿಂತದ್ದು ಕಾಣುತ್ತಿತ್ತು. ಗೆಳೆಯ ಇಳಿದು, ನೀರಿನ ಆಳ ನೋಡುತ್ತಾ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆಚೆ ದಡ ಸೇರಿದ. ತಮ್ಮ ಮಾತ್ರ ಜೀಪಿನಲ್ಲೇ ಕೂತಿದ್ದ.

ಮೇಲೆಲ್ಲೋ ಮಳೆ ಹೊಯ್ದಿರಬೇಕು. ನೀರು ಕೆಂಪಾದದ್ದನ್ನು ಮೊದಲು ಕಂಡೆ. ಆಮೇಲೆ ದಡದ ಮಣ್ಣು ಕುಸಿಯಿತು. ಜೀಪು ಮೂತಿ ಕೆಳಗಾಗಿ ನೀರಿಗೆ ಜಾರಿ, ಎಡಮಗ್ಗುಲು ಬಂಡೆಗೆ ಒರಗಿ ನಿಂತಿತು. ಹಿಂದಿನ ಚಕ್ರಗಳು ಇನ್ನೂ ದಡದ ಮೇಲಿದ್ದವು. ಮೆಕ್ಯಾನಿಕ್ ಕೂಗುತ್ತಾ ಕೆಳಗೆ ಓಡಿದ. ಆದರೆ ಜಾಡು ಬಳಸಿಕೊಂಡು ಹೋಗುತ್ತಿತ್ತು, ದೂರವಿತ್ತು.

ಅತ್ತೆಯ ಕೈಯಲ್ಲಿದ್ದ ರೇಡಿಯೋದಲ್ಲಿ ತಮ್ಮನ ದನಿ ಬಂತು. "ಅಕ್ಕಾ, ನೀರು ಒಳಗೆ ಬರ್ತಿದೆ. ಈ ಕಡೆ ಬಾಗಿಲು ಬಂಡೆಗೆ ಸಿಕ್ಕಿದೆ, ಆ ಕಡೆ ಪಾನಿ ಪಾನಿ... ಅತ್ತೆ, ಕೇಳಿಸ್ತಿದೆಯಾ? ಏನ್ ಮಾಡ್ಲಿ? ಬೋಲೋನಾ! ಯಾಕೆ ಯಾರೂ ಮಾತಾಡ್ತಿಲ್ಲ?"

ಅವನು ಗುಂಡಿ ಬಿಟ್ಟಿರಲಿಲ್ಲ. ಹೇಳಿ ಮುಗಿಸುವವರೆಗೆ ಬಿಡಬಾರದೆಂದು ಕಲಿತಿದ್ದ, ಅವನ ಮಾತು ಮುಗಿಯುತ್ತಿರಲಿಲ್ಲ.

ಅವನಿಗೆ ಕಾಣದ್ದು ಮೇಲಿಂದ ನಮಗೆ ಕಾಣುತ್ತಿತ್ತು. ಜೀಪಿನ ಹಿಂಭಾಗ ಗಟ್ಟಿ ನೆಲದ ಮೇಲಿತ್ತು. ಸಾಮಾನು ದಾಟಿ ಹಿಂದಿನ ಕ್ಯಾನ್ವಾಸ್ ಪರದೆ ಎತ್ತಿದರೆ ಸಾಕು. ಆದರೆ ಅದರ ಕೆಳಗಿನ ಮಣ್ಣೂ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು.

ನಾನು ರೇಡಿಯೋ ಕಿತ್ತುಕೊಳ್ಳಲು ಹೋದೆ. ಅತ್ತೆ ಅದನ್ನು ಎದೆಗೆ ಒತ್ತಿ ಹಿಡಿದರು. "ಒತ್ತಬೇಡ. ಒತ್ತಿದ್ರೆ ಅವನಿಗೂ ಕೇಳಲ್ಲ, ಅವನು ಬಿಟ್ಟಿದ್ದು ನಮಗೂ ಗೊತ್ತಾಗಲ್ಲ."

"ಹೇಳಿ ಅತ್ತೆ! ಸಾಯ್ತಾನೆ, ಹೇಳಿ!" ಎಂದು ಅವರ ತೋಳಿಗೆ ಹೊಡೆದೆ. ಅವರು ಕದಲಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ. ತಮ್ಮ ಈಗ ಅಮ್ಮನನ್ನು ಕರೆಯುತ್ತಿದ್ದ. ಮಾತಿಗಿಂತ ನೀರಿನ ಸದ್ದೇ ಹೆಚ್ಚಾಗುತ್ತಿತ್ತು. ಅವರು ಅವನ ಉಸಿರನ್ನು ಕೇಳುತ್ತಿರಲಿಲ್ಲ, ಅವನ ಬೆರಳನ್ನು ಕೇಳುತ್ತಿದ್ದರು ಎಂದು ನನಗೆ ಅನಿಸಿದ್ದು ಎಷ್ಟೋ ಕಾಲದ ಮೇಲೆ.

ಟಕ್ ಎಂದು ದನಿ ಕಡಿಯಿತು. ಬೆರಳು ಸೋತಿತ್ತು.

"ಹಿಂದೆ ದಡ. ಹಿಂದಿಂದ ಇಳಿ." ಅಷ್ಟೇ ಹೇಳಿ ಗುಂಡಿ ಬಿಟ್ಟರು.

ಮತ್ತೆ ಅವನ ದನಿ ಬರಲಿಲ್ಲ. ಬುಸ್ಸೆನ್ನುವ ಸದ್ದು ಮಾತ್ರ. ಅತ್ತೆ ಕಣ್ಣು ತೆರೆಯಲೇ ಇಲ್ಲ, ನೋಡಿದವಳು ನಾನು. ಕ್ಯಾನ್ವಾಸು ಒಳಗಿನಿಂದ ಉಬ್ಬಿತು, ಮತ್ತೆ ಸುಮ್ಮನಾಯಿತು, ಮತ್ತೆ ಉಬ್ಬಿತು. ಒಂದು ಕೈ, ಆಮೇಲೆ ತಲೆ. ಅವನು ದಡದ ಮೇಲೆ ಬಿದ್ದು ತೆವಳುತ್ತಾ ಮೇಲೆ ಬರುತ್ತಿದ್ದಾಗ ಜೀಪು ನಿಧಾನಕ್ಕೆ ಬಂಡೆ ಬಿಟ್ಟು ತಿರುಗಿ ನೀರಿನಲ್ಲಿ ಕೊಚ್ಚಿಹೋಯಿತು. ಆಚೆ ದಡದಲ್ಲಿ ಗೆಳೆಯ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ.

"ಬಂದ," ಎಂದೆ. ಅತ್ತೆ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು.

ಮನೆಗೆ ಬಂದ ಮೇಲೆ ಅಮ್ಮ ಅವರ ಕಾಲು ಹಿಡಿಯಲು ಹೋದರು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಬಿಡಬೇಡ ಅಂತ ಹೇಳ್ಕೊಟ್ಟೋಳೂ ನಾನೇ ಅತ್ತಿಗೆ." ಆ ಗುಂಡಿಯನ್ನು ಆರಿಸಿದ್ದೂ ಅವರೇ ಎಂದು ತಮ್ಮ ಎಷ್ಟೋ ಸಲ ಹೇಳಿದ. ಅದನ್ನು ಅವರು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಅವನು ಆಫೀಸಿನಿಂದ ಬರುವುದು ಸ್ವಲ್ಪ ತಡವಾದರೂ ಅಡುಗೆಮನೆಯಲ್ಲಿ ಅವರ ಬಲಗೈ ಹೆಬ್ಬೆರಳು ಸೆರಗಿನ ಅಂಚನ್ನು ಒತ್ತುತ್ತಿರುವುದನ್ನು ನಾನು ನೋಡಿದ್ದೇನೆ. ತಮ್ಮ ಮತ್ತೆ ಘಾಟಿಗೆ ಹೋಗಲಿಲ್ಲ. ಅವನು ಬದಲಾದದ್ದು ಇನ್ನೊಂದರಲ್ಲೂ. ಏನೇ ಹೇಳುತ್ತಿದ್ದರೂ ನಡುವೆ ನಿಲ್ಲಿಸಿ ಎದುರಿನವರ ಮುಖ ನೋಡುತ್ತಾನೆ. ಹೊಸಬರಿಗೆ ಇವನಿಗೆ ಮಾತು ಮರೆತುಹೋಯಿತೇ ಎನಿಸುತ್ತದೆ.

ನಿವೃತ್ತಿಯಾದ ಕೆಲವೇ ವರ್ಷಗಳಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆಸ್ಪತ್ರೆಯಲ್ಲಿ ತಮ್ಮ ಅವರ ಬಲಗಿವಿಯ ಕಡೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಲೋಕಲ್ ರೈಲಿನ ರಶ್ಶು, ಕೆಳಗಿನ ಮನೆಯವರ ಹೊಸ ಉಪ್ಪಿನಕಾಯಿ, ಬಾಯಿಗೆ ಬಂದದ್ದೆಲ್ಲ ತನ್ನ ಅರ್ಧ ಹಿಂದಿ ಕನ್ನಡದಲ್ಲಿ ಹೇಳುವನು. ಒಂದು ಮಾತು ಹೇಳಿ ನಿಲ್ಲಿಸಿ ಕಾಯುವನು. ಅತ್ತೆಯ ಕಣ್ಣುರೆಪ್ಪೆ ಅಲುಗುತ್ತಿತ್ತು. ಅವನಿಗೆ ಅಷ್ಟು ಸಾಕಿತ್ತು, ಮುಂದುವರಿಸುವನು.

ಕೊನೆಯ ದಿನವೂ ಹಾಗೇ ಕೂತಿದ್ದ. ನಾನು ಕಾಲಿನ ಕಡೆ ನಿಂತಿದ್ದೆ. "ಅತ್ತೆ, ಅಮ್ಮ ನಾಳೆ ಬರ್ತಾರಂತೆ," ಎಂದು ಹೇಳಿ ನಿಲ್ಲಿಸಿದ. ರೆಪ್ಪೆ ಅಲುಗಲಿಲ್ಲ. ಅವನು ಕಾದ. ನರ್ಸು ಬಂದು ಕೈ ಹಿಡಿದು ನೋಡಿ, ನನ್ನ ಕಡೆ ತಿರುಗಿ ಇಲ್ಲವೆಂದು ತಲೆಯಾಡಿಸಿದಳು. ಅವಳು ಹೊದಿಕೆಯನ್ನು ಮುಖದವರೆಗೆ ಎಳೆಯಲು ಬಂದಾಗ ತಮ್ಮ ಅವಳ ಕೈ ತಡೆದ.

"ಒಂದ್ನಿಮಿಷ," ಎಂದ. "ನನ್ನ ಮಾತು ಮುಗಿದಿದೆ. ಅವರದ್ದು ಬರಬೇಕು."