ಓಣಿಗೆ ಶೀಲ್ಡ್ ಬಂದ ವರ್ಷ

ಬೆಟಗೇರಿಯ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಕುಣಿಮಗ್ಗ ಇತ್ತು. ಬೆಳಕು ಹರಿಯುವ ಮೊದಲೇ ಲಾಳಿಯ ಸದ್ದು ಶುರುವಾಗುತ್ತಿತ್ತು. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಬಣ್ಣದ ಹಂಡೆಗಳ ಹಬೆ, ಹಂಚಿನ ಮೇಲೆ ಬೇಯುವ ಜೋಳದ ರೊಟ್ಟಿ ಇವೆಲ್ಲ ಕಲಸಿದ ಗಾಳಿಯಲ್ಲಿ ನಾವು ಶಾಲೆಗೆ ಹೋಗುತ್ತಿದ್ದೆವು. ಸದ್ದು ಎಷ್ಟು ರೂಢಿಯಾಗಿತ್ತೆಂದರೆ ಅದು ಕೇಳಿಸುತ್ತಲೇ ಇರಲಿಲ್ಲ. ಯಾವುದಾದರೂ ಮನೆಯದು ನಿಂತರೆ ಮಾತ್ರ ಕಿವಿಗೆ ಬೀಳುತ್ತಿತ್ತು.

ಕುಣಿಮಗ್ಗವೆಂದರೆ ನೆಲದಲ್ಲಿ ಸೊಂಟದಾಳದ ಗುಂಡಿ ತೆಗೆದು ಹೂಡಿದ ಮಗ್ಗ. ನೇಯುವವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂರುತ್ತಾನೆ. ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿದಾಗ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಹಾಯುತ್ತದೆ. ಅಂದರೆ ಕೈಯಷ್ಟೇ ಕಾಲೂ ದುಡಿಯಬೇಕು. ಹಾಗಿದ್ದೂ ನಮ್ಮ ಓಣಿಯ ಗಂಡಸರು ಸಂಜೆಯಾದರೆ ಅದೇ ಕಾಲಿನಿಂದ ಫುಟ್‌ಬಾಲ್ ಒದೆಯಲು ಹೋಗುತ್ತಿದ್ದರು. ಅಜ್ಜಂದಿರ ಕಾಲದಿಂದ ಬಂದ ಚಟ ಅದು. ಓಣಿಯ ಹೆಸರಿನಲ್ಲೇ ಒಂದು ಕ್ಲಬ್ ಇತ್ತು. ನನ್ನ ಅಪ್ಪ ಪರಸಪ್ಪ ಅದರ ಕ್ಯಾಪ್ಟನ್. ಅಪ್ಪನ ಗೆಳೆಯ ಮಕ್ತುಮ್ ಕಾಕಾ ಗೋಲ್‌ಕೀಪರ್. ಕಾಕಾ ನೂಲಿಗೆ ಬಣ್ಣ ಹಾಕುವ ಕೆಲಸದವನು. ಮೊಣಕೈವರೆಗೆ ಯಾವಾಗಲೂ ನೀಲಿಯೋ ಕೆಂಪೋ ಇರುತ್ತಿತ್ತು. ಎದುರಾಳಿಗಳು ಅವನ ಕೈ ನೋಡಿಯೇ ಹೆದರುತ್ತಾರೆಂದು ಅಪ್ಪ ಚೇಷ್ಟೆ ಮಾಡುತ್ತಿದ್ದ.

ಕ್ಲಬ್ಬು ಏನನ್ನೂ ಗೆದ್ದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಗದಗಿನ ಮೈದಾನದಲ್ಲಿ ನಡೆಯುತ್ತಿದ್ದ ಪಂದ್ಯಾವಳಿಯಲ್ಲಿ ಒಮ್ಮೊಮ್ಮೆ ಫೈನಲ್ಲಿಗೆ ಹೋಗಿ ಸೋತು ಬರುತ್ತಿದ್ದರು. ಶೀಲ್ಡ್ ಪ್ರತಿವರ್ಷ ಗದಗಿನ ವ್ಯಾಪಾರಸ್ಥರ ಕ್ಲಬ್ಬಿಗೆ. ಅವರು ಬೆಳಗಾವಿಯಿಂದ, ಗೋವಾದಿಂದ ಆಟಗಾರರನ್ನು ಕರೆಸುತ್ತಿದ್ದರು. ನಿಮ್ಮ ಕ್ಲಬ್ಬಿನ ಕಪಾಟಿನೊಳಗೆ ಏನೈತ್ರಿ ಎಂದು ಯಾರಾದರೂ ಕೆಣಕಿದರೆ ಮಕ್ತುಮ್ ಕಾಕಾ, ಒಂದು ಪಂಪು, ಒಂದು ಸೂಜಿ, ಇಲಿಯ ಸಂಸಾರ ಎಂದು ಲೆಕ್ಕ ಒಪ್ಪಿಸುತ್ತಿದ್ದ.

ಕ್ಲಬ್ಬಿಗೆ ಒಂದು ಪದ್ಧತಿ ಇತ್ತು. ಯಾರು ಶುರುಮಾಡಿದರೋ ಗೊತ್ತಿಲ್ಲ. ಆಟದಲ್ಲಿ ಯಾರದಾದರೂ ಕಾಲಿಗೆ ಪೆಟ್ಟಾದರೆ ಅವನ ಮಗ್ಗ ನಿಲ್ಲಕೂಡದು. ಮರುದಿನದಿಂದ ಉಳಿದವರು ಸರದಿಯ ಮೇಲೆ ಬಂದು ಅವನ ಕುಣಿಯಲ್ಲಿ ಕೂತು, ಅರ್ಧಕ್ಕೆ ನಿಂತ ಸೀರೆಯನ್ನು ನೇಯ್ದು ಮುಗಿಸುತ್ತಿದ್ದರು. ಒಬ್ಬ ಬೆಳಗ್ಗೆ, ಒಬ್ಬ ಮಧ್ಯಾಹ್ನ. ಅವರಿಗೆ ಆ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ನೂಲನ್ನು ಒತ್ತಿ ಕೂರಿಸುವ ಬಡಿತ ಒಬ್ಬೊಬ್ಬರ ಕೈಯದು ಒಂದೊಂದು ಥರ. ಹಾಗಾಗಿ ಅಂಥ ಸೀರೆಯನ್ನು ಬೆಳಕಿಗೆ ಹಿಡಿದರೆ ಎಲ್ಲಿ ಕೈ ಬದಲಾಗಿದೆ ಎಂದು ಪಟ್ಟಿಪಟ್ಟಿಯಾಗಿ ಕಾಣುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಗಿರಾಕಿ ಇಲ್ಲ. ಓಣಿಯ ಹೆಂಗಸರೇ ಅದನ್ನು ಕೊಳ್ಳುತ್ತಿದ್ದರು, ಕ್ಲಬ್ ಸೀರೆ ಎನ್ನುತ್ತಿದ್ದರು. ನನ್ನ ಅಜ್ಜಿ ಒಂದನ್ನು ಉಟ್ಟುಕೊಂಡು, ಈ ಪಟ್ಟಿ ಇಂಥವನದು, ಇದು ಇಂಥವನದು ಎಂದು ಮೊಣಕಾಲಿನ ಮೇಲೆ ಬೆರಳಾಡಿಸಿ ಹೇಳುತ್ತಿದ್ದಳು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಸಾವಕಾರ ಬಂದ. ಓಣಿಯ ಅರ್ಧ ಮನೆಗಳಿಗೆ ನೂಲು ಕೊಟ್ಟು ಸೀರೆ ಕೊಳ್ಳುತ್ತಿದ್ದವನು ಅವನೇ, ಗದಗಿನಲ್ಲಿ ದೊಡ್ಡ ಅಂಗಡಿ. ಕೆಟ್ಟ ಮನುಷ್ಯನಲ್ಲ. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಸಭೆ ಸೇರಿತು. ಅವ್ವ ಗಿರಮಿಟ್ಟು ಕಲಸಿ ಎಲ್ಲರಿಗೂ ಪೇಪರಿನ ಮೇಲೆ ಹಾಕಿಕೊಟ್ಟಳು. ನಾನು ಹೊಸ್ತಿಲ ಒಳಗೆ ಕೂತು ಚುರುಮರಿ ಆರಿಸಿ ತಿನ್ನುತ್ತ ಕೇಳುತ್ತಿದ್ದೆ.

"ದೊಡ್ಡ ಕ್ಲಬ್ಬು ಅಂದ್ರ ಏನ್ರಿ?" ಎಂದು ಸಾವಕಾರ ಶುರುಮಾಡಿದ. "ಕಪ್ಪು ಇರಬೇಕು. ಕಪ್ಪು ಬರಬೇಕಂದ್ರ ರೊಕ್ಕ ಹಾಕಬೇಕು. ಟೀವ್ಯಾಗ ನೋಡ್ತೀರಲ್ಲ, ಹೊರದೇಶದವ್ರು ಹಂಗ ಸುಮ್ನ ದೊಡ್ಡವರಾಗ್ಯಾರೇನು? ರೊಕ್ಕ ನಾ ಹಾಕ್ತೀನಿ."

ಹೊರಗಿನಿಂದ ಮೂವರು ಆಟಗಾರರು, ಹೊಸ ಅಂಗಿ, ಹೊಸ ಬೂಟು. ಅದರ ಜೊತೆಗೆ ಒಂದು ಮಾತು. ಆಟಗಾರರು ಇನ್ನುಮೇಲೆ ಮಂದಿಯ ಮಗ್ಗದಲ್ಲಿ ಕೂರಬಾರದು. ಕಾಲಿಗೆ ವಿಶ್ರಾಂತಿ ಬೇಕು. ಯಾರಿಗಾದರೂ ಪೆಟ್ಟಾದರೆ ಅವರ ಮನೆ ನಡೆಯುವಷ್ಟು ದುಡ್ಡನ್ನು ತಾನೇ ಕೊಡುವುದಾಗಿ ಹೇಳಿದ. ಹಿಂಗ ಒಬ್ಬರ ಕುಣಿಯೊಳಗ ಒಬ್ಬರು ಇಳಿಯೂದು ಸಣ್ಣ ಕ್ಲಬ್ಬಿನ ಲಕ್ಷಣ ಎಂದ.

ಮಕ್ತುಮ್ ಕಾಕಾ ತಿನ್ನುವುದನ್ನು ನಿಲ್ಲಿಸಿ ಕೇಳಿದ. "ರೊಕ್ಕ ಲಾಳಿ ಹೊಡಿತೈತೇನ್ರಿ?"

ಎಲ್ಲರೂ ನಕ್ಕರು. ಸಾವಕಾರನೂ ನಕ್ಕ. ನಂತರ ಅಪ್ಪನ ಕಡೆ ನೋಡಿದರು. ಅಪ್ಪನಿಗೆ ಆಗಲೇ ವಯಸ್ಸಾಗುತ್ತಿತ್ತು, ಆಟಗಾರನ ಲೆಕ್ಕದಲ್ಲಿ. ಇನ್ನೊಂದೆರಡು ವರ್ಷ ಆಡಿದರೆ ಹೆಚ್ಚು. ಅವನು ನೆಲ ನೋಡುತ್ತ, "ಒಮ್ಮೆರ ಗೆಲ್ಲೂಣು ಮಕ್ತುಮ್ಯಾ," ಎಂದ. ಅಷ್ಟೇ. ಕಾಕಾ ಮತ್ತೆ ಗಿರಮಿಟ್ಟಿಗೆ ಕೈ ಹಾಕಿದ.

ಹೊರಗಿನ ಮೂವರು ಬಂದು ಸಾವಕಾರನ ಗೋದಾಮಿನಲ್ಲಿ ಉಳಿದರು. ಊಟ ಖಾನಾವಳಿಯಿಂದ ಬರುತ್ತಿತ್ತು. ಗೋವಾದ ಹುಡುಗ ಎತ್ತರಕ್ಕಿದ್ದ, ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಓಡುತ್ತಿತ್ತು. ಓಣಿಯ ಕೆಲವು ಹುಡುಗರು ತಂಡದಿಂದ ಹೊರಗುಳಿದರು. ಅಪ್ಪನೂ ಹೆಚ್ಚಾಗಿ ಗೆರೆಯ ಆಚೆಯೇ ಕೂರುತ್ತಿದ್ದ. ಕಾಕಾನ ಜಾಗಕ್ಕೆ ಬೆಳಗಾವಿಯ ಕೀಪರ್ ಬಂದ. ಯಾರೂ ತಕರಾರು ಮಾಡಲಿಲ್ಲ. ಗೆಲ್ಲುತ್ತಿದ್ದರಲ್ಲ. ಪಂದ್ಯ ಮುಗಿಸಿ ಬಂದಾಗ ಹೋಟೆಲಿನಲ್ಲಿ ಬಿಸಿ ಮಿರ್ಚಿ ಭಜಿ, ಸಾವಕಾರನ ಲೆಕ್ಕದಲ್ಲಿ. ಓಣಿಯ ಹುಡುಗಿಯರಾದ ನಾವು ಹಳೆ ಬಟ್ಟೆಯ ಉಂಡೆ ಕಟ್ಟಿ, ನಾನು ಗೋವಾದವನು, ನೀನು ಬೆಳಗಾವಿಯವನು ಎಂದು ಆಡುತ್ತಿದ್ದೆವು. ಅಪ್ಪನಾಗಲು ನಾನೂ ಒಪ್ಪುತ್ತಿರಲಿಲ್ಲ.

ಫೈನಲ್ಲಿನ ಹಿಂದಿನ ದಿನ ಗೋವಾದ ಹುಡುಗ ಹೊರಟುಹೋದ. ಬೇರೆ ಊರಿನ ಪಂದ್ಯಕ್ಕೆ ಯಾರೋ ಇನ್ನೂ ಹೆಚ್ಚು ಕೊಟ್ಟಿದ್ದರು. ಅವನ ಜಾಗದಲ್ಲಿ ಅಪ್ಪ ಆಡಬೇಕಾಯಿತು.

ಮೈದಾನದ ಗೋಡೆಯ ಮೇಲೆ ಕೂತು ನಾನು ಆ ಪಂದ್ಯ ನೋಡಿದೆ. ದ್ವಿತೀಯಾರ್ಧದಲ್ಲಿ ಅಪ್ಪ ಚೆಂಡು ತೆಗೆದುಕೊಂಡು ಗೋಲಿನ ಹತ್ತಿರ ಹೋದ. ಇಬ್ಬರು ಒಟ್ಟಿಗೇ ಬಂದು ಅವನ ಮೇಲೆ ಬಿದ್ದರು. ಧೂಳು ಎದ್ದಿತು. ಅವನು ಏಳಲಿಲ್ಲ. ಅವನ ಬಲಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಅವನನ್ನು ಎತ್ತಿ ಆಟೋದಲ್ಲಿ ಹಾಕಿದರು. ಮಕ್ತುಮ್ ಕಾಕಾ ಜೊತೆಗೆ ಹತ್ತಿದ. ಅದೇ ಫೌಲಿಗೆ ಸಿಕ್ಕ ಪೆನಾಲ್ಟಿಯಿಂದ ನಮ್ಮ ಕ್ಲಬ್ಬು ಗೆದ್ದಿತು.

ಶೀಲ್ಡನ್ನು ಜೀಪಿನ ಮೇಲಿಟ್ಟುಕೊಂಡು ಹಲಗೆ ಬಾರಿಸುತ್ತ ಬೆಟಗೇರಿಗೆ ತಂದರು. ಗುಲಾಲು ನನ್ನ ಹಲ್ಲಿನ ಸಂದಿಗೂ ಹೋಗಿತ್ತು. ನಾನೂ ಕೂಗುತ್ತಿದ್ದೆ. ಮನೆಯ ಹತ್ತಿರ ಬಂದಾಗ ಬಾಗಿಲು ಹಾಕಿತ್ತು.

ಅಪ್ಪ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ. ಮಗ್ಗದ ಮೇಲೆ ಸಾವಕಾರನ ಗಿರಾಕಿಯೊಬ್ಬರ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿ ಕೊಟ್ಟರೆ ಮುಂದಿನ ಸೀರೆಯ ನೂಲು, ಅಂದರೆ ಹಾಸು, ಸಿಗುತ್ತಿತ್ತು. ಇಲ್ಲದಿದ್ದರೆ ಮಗ್ಗ ಖಾಲಿ. ಅವ್ವ ಶಿಗ್ಲಿಯ ಒಕ್ಕಲುತನದ ಮನೆಯವಳು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದನ್ನು ಕಲಿತಿದ್ದಳು, ನೇಯಲು ಬರುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅವಳು ಕುಣಿಯ ಅಂಚು ಸಾರಿಸಿದಳು. ಕಂಡಿಕೆಗಳನ್ನು ಬುಟ್ಟಿಯಲ್ಲಿ ಜೋಡಿಸಿದಳು. ಚರಿಗೆಯಲ್ಲಿ ನೀರು ತುಂಬಿ ಮುಚ್ಚಿಟ್ಟಳು. ರೊಟ್ಟಿ ಹೆಚ್ಚಿಗೆ ಬಡಿದಳು. ಪದ್ಧತಿ ಬಿಟ್ಟಿದ್ದಾರೆಂದು ಅವಳಿಗೂ ಗೊತ್ತಿತ್ತು. ಆದರೂ ಬರುತ್ತಾರೆ ಎಂದುಕೊಂಡಿದ್ದಳು.

ಯಾರೂ ಬರಲಿಲ್ಲ. ಸಾವಕಾರನ ಗುಮಾಸ್ತ ಬಂದ, ದುಡ್ಡು ಕೊಟ್ಟು ಹೋದ. ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಅವನು ಬಂದು ಹೋದದ್ದನ್ನು ಓಣಿಯೆಲ್ಲ ನೋಡಿತು. ನೀರು ತುಂಬುವ ನಲ್ಲಿಯ ಹತ್ತಿರ ಪಕ್ಕದ ಮನೆಯ ಕಾಕು ಅವ್ವನಿಗೆ ಹೇಳಿದಳು, ಮುಖ ತಿರುವಿಕೊಂಡು, ಯಾವ ಸಿಟ್ಟೂ ಇಲ್ಲದೆ. "ನಮ್ಮ ಮನಿಯವ್ರು ಬರ್ತೀನಿ ಅಂದ್ರವ್ವಾ. ನಾನ ಬ್ಯಾಡ ಅಂದೆ. ನಿಮಗ ರೊಕ್ಕ ಮುಟ್ಟೈತಲ್ಲ."

ಅವ್ವ ಕೊಡ ಎತ್ತಿಕೊಂಡು ಬಂದಳು. ಎರಡು ಹೊತ್ತು ನಾವು ತಣ್ಣಗಿನ ರೊಟ್ಟಿಯನ್ನೇ ತಿಂದೆವು.

ಕೆಲವು ದಿನ ಬಿಟ್ಟು ಮಕ್ತುಮ್ ಕಾಕಾ ಬಂದ. ಅವನು ಚಿಕ್ಕಂದಿನಲ್ಲಿ ನೇಯುತ್ತಿದ್ದನಂತೆ, ಬಿಟ್ಟು ಬಹಳ ವರ್ಷವಾಗಿತ್ತು. ಬಣ್ಣದ ಕೆಲಸ ಮುಗಿಸಿ, ಸೀರೆಗೆ ಕಲೆಯಾಗದಂತೆ ಕೈಯನ್ನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದು ಕುಣಿಗೆ ಇಳಿಯುತ್ತಿದ್ದ. ಅಪ್ಪ ಗೋಡೆಗೆ ಒರಗಿ ಪ್ಲಾಸ್ಟರಿನ ಕಾಲು ಚಾಚಿಕೊಂಡು ನೋಡುತ್ತಿದ್ದ.

"ಹಗೂರ ಬಡಿಯಲೇ, ಅದೇನು ಖಬರಸ್ಥಾನದ ನೆಲಾ ಅಗಿಯಾಕ ಹತ್ತೀಯೇನು?" ಎನ್ನುತ್ತಿದ್ದ ಅಪ್ಪ.

"ಸುಮ್ನ ಕುಂದ್ರೋ ಕ್ಯಾಪ್ಟನ್. ನೀ ಆಡಿದ್ದೂ ಹಂಗ ಇತ್ತು."

ಇಬ್ಬರೂ ಜೋರಾಗಿ ನಗುತ್ತಿದ್ದರು. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಸೀರೆ ಮುಗಿಯಿತು. ಅವ್ವನ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. ಗುಮಾಸ್ತ ಸೀರೆಯನ್ನು ಗಾದಿಯ ಮೇಲೆ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದ. ಬೆರಳನ್ನು ಅಪ್ಪನ ನೇಯ್ಗೆಯ ಮೇಲಿಂದ ಕಾಕಾನ ನೇಯ್ಗೆಯ ಮೇಲೆ ಎಳೆದ, ಅಲ್ಲೇ ನಿಲ್ಲಿಸಿದ. "ಎರಡು ಕೈ ಆಗೇತಿ ಬಾಯಾರ. ಲಗ್ನದವ್ರು ತಗೊಳ್ಳೂದಿಲ್ಲ," ಎಂದು ಮಡಚಿ ವಾಪಸು ಕೊಟ್ಟ. ಅವನ ತಲೆಯ ಮೇಲಿನ ಅಟ್ಟದಲ್ಲಿ ಶೀಲ್ಡ್ ಇತ್ತು. ಆಗಲೇ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಮೊದಲಾಗಿದ್ದರೆ ಅಂಥ ಸೀರೆಯನ್ನು ಓಣಿಯ ಯಾರಾದರೂ ಕೊಳ್ಳುತ್ತಿದ್ದರು. ಅವ್ವ ಒಂದೆರಡು ಮನೆಯಲ್ಲಿ ಕೇಳಿದಳು. ಕ್ಲಬ್ಬಿನದಲ್ಲವಲ್ಲ ಅದು, ಒಬ್ಬ ಮಕ್ತುಮ್‌ನದು ಎಂದರು.

ಮುಂದಿನ ಹಾಸನ್ನು ಸಾವಕಾರ ಬೇರೆಯವರಿಗೆ ಕೊಟ್ಟ. ಕಾಲು ವಾಸಿಯಾಗಲಿ, ಆಮೇಲೆ ನೋಡೋಣ ಎಂದ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಪ್ಪ ನಡೆದಾಡಿದ, ಆದರೆ ಹರಡು, ಪಾದದ ಮೇಲಿನ ಕೀಲು, ಬಾಗಲಿಲ್ಲ. ಒಂದು ಮಧ್ಯಾಹ್ನ ಖಾಲಿ ಮಗ್ಗದಲ್ಲಿ ಕೂತು ಬಲಗಾಲಿನಿಂದ ಹಲಗೆ ತುಳಿಯಲು ನೋಡಿದ. ಹಲಗೆ ಇಳಿಯಲಿಲ್ಲ. ಕೈಯಿಂದ ಮೊಣಕಾಲನ್ನು ಒತ್ತಿ ಇಳಿಸಿದ. ಇನ್ನೊಮ್ಮೆ ಒತ್ತಿದ. ನಂತರ ಮೇಲೆ ಬಂದು ಅಂಗಿ ತೊಟ್ಟುಕೊಂಡು ಹೊರಗೆ ಹೋದ. ಸಾವಕಾರ ಅವನಿಗೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಕೊಟ್ಟ.

ಮರುವರ್ಷ ಸಾವಕಾರ ಕ್ರಿಕೆಟ್ಟಿನ ಪಂದ್ಯಾವಳಿ ಮಾಡಿಸಿದ. ಫುಟ್‌ಬಾಲಿಗೆ ದುಡ್ಡು ಹಾಕಲಿಲ್ಲ, ಹೊರಗಿನ ಆಟಗಾರರು ಬರಲಿಲ್ಲ. ಹೊರಗುಳಿದಿದ್ದ ಓಣಿಯ ಹುಡುಗರನ್ನು ಮತ್ತೆ ಕರೆದಾಗ ಅವರೂ ಬರಲಿಲ್ಲ. ಕ್ಲಬ್ಬನ್ನು ಯಾರೂ ಮುಚ್ಚಲಿಲ್ಲ, ಆಡುವವರು ಇಲ್ಲದಾದರು.

ಧಾರವಾಡದಲ್ಲಿ ಓದು ಮುಗಿಸಿ ನಾನೀಗ ಗದಗಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಗೆಳೆಯರು ಮೊಬೈಲ್ ಹಿಡಿದು ಹೊರದೇಶದ ಫುಟ್‌ಬಾಲ್ ಕ್ಲಬ್ಬುಗಳ ಮೇಲೆ ವಾದಿಸುತ್ತಾರೆ. ಇಷ್ಟು ಕೋಟಿ ಸುರಿದರೂ ಕಪ್ ಇಲ್ಲದ ಕ್ಲಬ್ ದೊಡ್ಡದೋ, ಕಪ್ಪಿದ್ದೂ ಆಟಗಾರರನ್ನು ಕೊಳ್ಳಲು ಕೈಲಾಗದ ಕ್ಲಬ್ ದೊಡ್ಡದೋ. ಒಬ್ಬರು ನನ್ನನ್ನೂ ಕೇಳಿದರು. ನನಗೆ ಫುಟ್‌ಬಾಲ್ ತಿಳಿಯುವುದಿಲ್ಲ ಎಂದೆ.

ಅಪ್ಪ ಅಂಗಡಿಗೆ ಸೇರಿದ ಮೇಲಿನ ಬೇಸಿಗೆಯಲ್ಲಿ ಮಗ್ಗ ಬಿಚ್ಚಿಸಿದೆವು. ಅವ್ವ ಹೊಲಿಗೆ ಯಂತ್ರ ತಂದಿದ್ದಳು, ಅದನ್ನಿಡಲು ಸಪಾಟು ನೆಲ ಬೇಕಿತ್ತು. ಕುಣಿ ಮುಚ್ಚುವ ದಿನ ಯಾರನ್ನೂ ಕರೆದಿರಲಿಲ್ಲ. ಆದರೂ ಬೆಳಗ್ಗೆ ಕ್ಲಬ್ಬಿನವರೆಲ್ಲ ಬಂದರು. ಒಬ್ಬರ ಕೈಯಿಂದ ಒಬ್ಬರಿಗೆ ಬುಟ್ಟಿ ದಾಟಿಸಿ ಮಣ್ಣು ತುಂಬಿದರು. ನೀರು ಹೊಡೆದು ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಬಿಸಿಲೇರುವುದರೊಳಗೆ ಕೆಲಸ ಮುಗಿಯಿತು. ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ಅಪ್ಪ ಚಹಾದ ಬಟ್ಟಲು ಹಿಡಿದು ಒಬ್ಬೊಬ್ಬರ ಮುಖ ನೋಡಿದ.

"ಮಕ್ತುಮ್ ಬಂದಿಲ್ಲೇನು?" ಎಂದು ಕೇಳಿದ.

ಕಾಕಾನ ಮನೆ ನಮ್ಮ ಮನೆಯ ಎದುರಿಗೇ ಇತ್ತು. ಅವನು ಬಾಗಿಲಲ್ಲೇ ಕೂತಿದ್ದ, ತಾನೊಬ್ಬನೇ ಇಳಿದು ನೇಯ್ದಿದ್ದ ಆ ಕುಣಿಯ ಕಡೆ ಬೆನ್ನು ಹಾಕಿಕೊಂಡು.

ಈಗ ನಮ್ಮ ಓಣಿಯಲ್ಲಿ ಯಾರಿಗಾದರೂ ಪೆಟ್ಟಾದರೆ ತಕ್ಷಣ ಆಟೋ ಬರುತ್ತದೆ. ಒಳ್ಳೆಯ ಆಸ್ಪತ್ರೆಗಳಿವೆ, ವಿಮೆಯ ಕಾರ್ಡುಗಳಿವೆ. ಮರುದಿನ ಯಾರ ಮನೆಯಲ್ಲೂ ರೊಟ್ಟಿ ಹೆಚ್ಚಿಗೆ ಬಡಿಯುವುದಿಲ್ಲ.