ಮೂರನೆಯ ಸಾಲು ಕೇಳಿದ ಕಾನ್ಸೆಪ್ಟಾ ಬಾಯಿ

ಕಾಪುವಿನ ದೀಪಸ್ತಂಭದ ಬೆಳಕು ಇನ್ನೂ ಕಡಲ ಮೇಲೆ ಸುತ್ತುತ್ತಿರುವಾಗಲೇ ಪೇಟೆಯ ಹಿಂಬದಿಯ ಶಾಲೆಯಲ್ಲಿ ಆಫೀಸಿನ ಕಿಟಕಿ ತೆರೆದುಕೊಳ್ಳುತ್ತದೆ. ಒಳಗೆ ಹಳದಿ ಬಲ್ಬಿನ ಕೆಳಗೆ ಕಾನ್ಸೆಪ್ಟಾ ಬಾಯಿ ಒಣಗಿದ ಇಂಕ್ ಪ್ಯಾಡಿಗೆ ನೀರು ಚಿಮುಕಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಒರೆಸಿಕೊಂಡು ಕೂರುತ್ತಾರೆ. ಹೊರಗೆ ಆಗಲೇ ಸಾಲು ನಿಂತಿದೆ. ನಿಂತವರು ಮಕ್ಕಳಲ್ಲ, ಇಸ್ತ್ರಿ ಹಾಕಿದ ಅಂಗಿಯ ಅಪ್ಪಂದಿರು.

ಇದು ಫೆಬ್ರವರಿ, ಸಂಬಳದಾರರಿಗೆ ವರಮಾನ ತೆರಿಗೆಯ ಜ್ವರ ಏರುವ ತಿಂಗಳು. ಮಕ್ಕಳ ಓದಿಗೆಂದು ಕಚೇರಿ ಕೊಡುವ ಭತ್ಯೆಯಲ್ಲಿ ಒಂದಿಷ್ಟಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ಮಕ್ಕಳು ಅವರವೇ, ಶಾಲೆಗೆ ಬರುತ್ತಿರುವುದು ನಿಜ, ಫೀಸು ಕಟ್ಟಿದ್ದು ನಿಜ ಎಂದು ಶಾಲೆ ಬರೆದುಕೊಡಬೇಕು. ಹಾಗೆ ಬರೆದುಕೊಡುವವರು ಈ ಶಾಲೆಯ ಏಕೈಕ ಗುಮಾಸ್ತೆ ಕಾನ್ಸೆಪ್ಟಾ ಬಾಯಿ. ಉಡುಪಿ, ಮಣಿಪಾಲದ ಕಚೇರಿಗಳಿಗೆ ಮೊದಲ ಬಸ್ಸು ಹಿಡಿಯುವವರು ಹತ್ತು ಗಂಟೆಯವರೆಗೆ ಕಾಯುವುದಾದರೂ ಹೇಗೆ? ಅದಕ್ಕೇ ಇವರು ನಸುಕಿನಲ್ಲೇ ಬಂದು ಬಾಗಿಲು ತೆಗೆಯುತ್ತಾರೆ. ಯಾರೂ ಹೇಳಿದ್ದಲ್ಲ, ಯಾರೂ ಇದಕ್ಕೆ ಸಂಬಳ ಕೊಡುವುದೂ ಇಲ್ಲ.

"ಹತ್ತು ಗಂಟೆಗೆ ಬನ್ನಿ ಎಂದರೆ ಅವರದ್ದು ಒಂದು ರಜೆ ಹೋಯಿತು ಅಲ್ವಾ? ನನಗೆ ಎಂತ, ಮನೆ ಇಲ್ಲೇ ಉಂಟು. ಗಂಜಿಗೆ ಅಕ್ಕಿ ಹಾಕಿ ಬಂದರೆ ಆಯಿತು," ಎನ್ನುತ್ತಲೇ ಸ್ಟಾಂಪು ಒತ್ತುತ್ತಾರೆ. ಒತ್ತುವ ಸದ್ದು ಎದುರಿನ ಚಹಾದಂಗಡಿಯವರೆಗೂ ಕೇಳುತ್ತದೆ.

ಹುಟ್ಟಿದ್ದು ಹೂಡೆಯಲ್ಲಿ. ತಂದೆ ಕ್ಲಾರೆನ್ಸ್ ಹೊಳೆ ದಾಟಿಸುವ ದೋಣಿಯವರು. ಮಳೆಗಾಲದಲ್ಲಿ ಹೊಳೆ ಕೆರಳಿದರೆ ದೋಣಿಯೂ ಇಲ್ಲ, ಸಂಪಾದನೆಯೂ ಇಲ್ಲ. ತಾಯಿ ತೆಂಗಿನ ಗರಿ ಸೀಳಿ ಕಸ ಗುಡಿಸುವ ಹಿಡಿಸೂಡಿ ಕಟ್ಟಿ ಮಾರಿ ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದರು. ಆಮೇಲೆ ಉಡುಪಿಯಲ್ಲಿ ಟೈಪಿಂಗ್ ಕಲಿತು, ಎಪ್ಪತ್ತೊಂದರಲ್ಲಿ ಈ ಮೇಜಿಗೆ ಬಂದದ್ದು. ಹದಿನೆಂಟು ವರ್ಷಗಳಲ್ಲಿ ಹೆಡ್‌ಮಾಸ್ತರರು ಬದಲಾದರು, ಮಂಗಳೂರು ಹೆಂಚು ಹೋಗಿ ತಾರಸಿ ಬಂತು. ಬಾಯಿ ಮಾತ್ರ ಅಲ್ಲೇ. ಕಾಗದದಲ್ಲಿ ಒಂದು ತಪ್ಪು ಕಂಡರೆ ಅವರಿಗೆ ಊಟ ಇಳಿಯುವುದಿಲ್ಲ. ಮದುವೆಯ ಕರೆಯೋಲೆ ಕೊಡಲು ಹೋದವರಿಗೂ ತಿದ್ದಿ ವಾಪಸು ಕೊಡುತ್ತಾರೆಂದು ಮೇಷ್ಟ್ರುಗಳು ತಮಾಷೆ ಮಾಡುತ್ತಾರೆ.

ಅಂಥವರ ಕೈಯಲ್ಲೇ ಒಂದು ತಪ್ಪು ನಡೆದುಹೋಯಿತು. ಅಲ್ಲ, ಅದು ಇಡೀ ಊರೇ ಮಾಡುತ್ತಿದ್ದ ತಪ್ಪು.

ಇಲ್ಲಿಯ ಅಳಿಯಕಟ್ಟಿನ ಮನೆಗಳಲ್ಲಿ ಮಕ್ಕಳು ತಾಯಿಮನೆಯಲ್ಲಿ ಬೆಳೆಯುತ್ತಾರೆ. ಕೈ ಹಿಡಿದು ಶಾಲೆಗೆ ಸೇರಿಸುವವರು ಸೋದರಮಾವ, ಫೀಸು ತರುವವರೂ ಅವರೇ. ಹಣ ತಂದವರ ಹೆಸರನ್ನೇ ರಶೀದಿಗೆ ಬರೆಯುವುದು ಈ ಶಾಲೆಯಲ್ಲಿ ಮೊದಲಿನಿಂದ ಬಂದ ರೂಢಿ. ಗುಣವತಿ ಎಂಬವರ ಇಬ್ಬರು ಮಕ್ಕಳ ರಶೀದಿಗಳಲ್ಲೂ ಹಾಗೆಯೇ ಅವರ ಅಣ್ಣ ಉಮಾನಾಥರ ಹೆಸರಿತ್ತು. ಗಂಡ ವಿಠಲರು ಒಂದು ಬ್ಯಾಂಕಿನ ಕಾರ್ಕಳ ಶಾಖೆಯಲ್ಲಿ ಗುಮಾಸ್ತರು. ಭಾನುವಾರವಷ್ಟೇ ಕಾಪುವಿಗೆ ಬರುವವರು. ಕಳೆದ ವರ್ಷ ಅವರು ಆ ರಶೀದಿಗಳನ್ನೇ ಜೋಡಿಸಿ ವಿನಾಯಿತಿ ಕೇಳಿದರು. ಉಡುಪಿಯ ಬನ್ನಂಜೆಯಲ್ಲಿರುವ ತೆರಿಗೆ ಕಚೇರಿಯಿಂದ ಬಂದದ್ದು ನೋಟೀಸು: ಬೇರೆಯವರು ಓದಿಸುತ್ತಿರುವ ಮಕ್ಕಳನ್ನು ತೋರಿಸಿ ತೆರಿಗೆ ಉಳಿಸಲು ನೋಡಿದ್ದೇಕೆ?

ಆಗ ವಿಠಲರ ಹೆಸರು ಬ್ಯಾಂಕಿನ ಆಫೀಸರ್ ಬಡ್ತಿಯ ಪಟ್ಟಿಯಲ್ಲಿತ್ತು. ಸುಳ್ಳು ಲೆಕ್ಕ ಕೊಟ್ಟವನೆಂಬ ಮಾತು ಒಮ್ಮೆ ಅಂಟಿಕೊಂಡರೆ ಬಡ್ತಿಯ ಜೊತೆಗೆ ಮರ್ಯಾದೆಯೂ ಹೋದಂತೆ. ನೋಟೀಸು ಹಿಡಿದು ಕಿಟಕಿಯ ಬಳಿ ನಿಂತ ಅವರ ಮುಖ ನೋಡಿ ಬಾಯಿ ಹಳೆಯ ರಶೀದಿ ಪುಸ್ತಕ ತೆರೆದರು. ಬರೆದ ಅಕ್ಷರ ತನ್ನದೇ ಅಲ್ಲವೇ.

"ಒಂದು ಸರ್ಟಿಫಿಕೇಟು ಬರೆದು ಕೊಡಿ ಬಾಯಿ, ನಾನೇ ಕಟ್ಟಿದ್ದೆಂದು," ಎಂದರು ವಿಠಲ.

"ನೀವು ಕಟ್ಟಿದ್ದನ್ನು ನಾನು ನೋಡಿದ್ದೇನಾ? ನೋಡದ್ದನ್ನು ಬರೆಯುವುದಿಲ್ಲ. ನಿಂತುಕೊಳ್ಳಿ, ದಾರಿ ಹುಡುಕುವ."

ಸಂಜೆ ಬಾಯಿ ಉಮಾನಾಥರ ಮನೆಗೆ ನಡೆದರು. ಉಮಾನಾಥರಿಗೆ ಸಿಟ್ಟು ನೆತ್ತಿಗೇರಿತು. "ಈ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಸೇರಿಸಿದ್ದು ನಾನು. ಈಗ ನನ್ನ ಹೆಸರು ಹೊಡೆದು ಹಾಕುತ್ತೀರಾ?"

"ಹೊಡೆದು ಹಾಕುವುದು ಯಾರು ಮಾರಾಯ್ರೆ? ನಿಮ್ಮದು ಅಲ್ಲೇ ಉಂಟು. ತಂದೆಯದ್ದು ಸೇರಿಸುವ ಎಂದು ಹೇಳಿದ್ದು. ನಾಳೆ ಬನ್ನಂಜೆಗೆ ಬಂದು ನಿಜ ಇದ್ದದ್ದನ್ನು ಹೇಳಿ, ಸಾಕು." ಹೊರಡುವಾಗ ಬಾಗಿಲ ಬಳಿ ನಿಂತಿದ್ದ ಗುಣವತಿಯನ್ನು ನೋಡಿ, "ನೀವೂ ಬರಬೇಕು," ಎಂದು ಸೇರಿಸಿದರು. ಯಾಕೆಂದು ಉಮಾನಾಥರಿಗೆ ತಿಳಿಯಲಿಲ್ಲ.

ತಿಳಿದದ್ದು ಮಾರನೆಯ ದಿನ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ದಾಖಲಾತಿ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಾಯಿ ಬನ್ನಂಜೆಯಲ್ಲಿ ಬಸ್ಸಿಳಿದರು. ತೆರಿಗೆ ಆಫೀಸರು ಸಭ್ಯರು. ಪುಸ್ತಕದಲ್ಲಿ ತಂದೆಯ ಹೆಸರು ನೋಡಿ ತಲೆಯಾಡಿಸಿದರು. ಮಕ್ಕಳು ವಿಠಲರವೇ, ಸರಿ. ಹಣ ಯಾರದ್ದು?

"ನನ್ನದೇ ಸರ್," ಎಂದರು ವಿಠಲ.

"ಹಾಗಾದರೆ ಇವರ ಕೈಗೆ ಯಾವಾಗ ಕೊಟ್ಟಿರಿ?"

ಇಬ್ಬರು ಬಾವಂದಿರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊಟ್ಟಿದ್ದರೆ ತಾನೆ ಹೇಳುವುದು? ಮನೆಯ ಯಜಮಾನನ ಕೈಗೆ ಬಾವ ನೋಟು ಇಡುವುದುಂಟೇ! ನಿನ್ನ ಮನೆಯಲ್ಲಿ ನನ್ನ ಮಕ್ಕಳು ತಿನ್ನುವ ಅನ್ನದ ಲೆಕ್ಕ ಇದು ಎಂದಂತಾಗುತ್ತದೆ. ಹನ್ನೊಂದು ವರ್ಷದ ನೆಂಟಸ್ತಿಕೆಯಲ್ಲಿ ಆ ಮಾತು ಇಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಆಫೀಸರು ಪೆನ್ನಿನ ಮುಚ್ಚಳ ತೆಗೆದರು.

"ಇವರನ್ನು ಕೇಳಿ ಸರ್," ಎಂದರು ಕಾನ್ಸೆಪ್ಟಾ ಬಾಯಿ, ಹಿಂದೆ ನಿಂತಿದ್ದ ಗುಣವತಿಯನ್ನು ಮುಂದೆ ತಂದು.

ಗುಣವತಿ ಮೊದಲು ನೆಲ ನೋಡಿದರು, ಆಮೇಲೆ ನೇರ ಆಫೀಸರನ್ನೇ. "ಭಾನುವಾರ ಇವರು ನನ್ನ ಕೈಗೆ ಕೊಡುತ್ತಾರೆ. ಸೋಮವಾರ ಬೆಳಿಗ್ಗೆ ನಾನು ಅಣ್ಣನ ಕೈಗೆ ಕೊಡುತ್ತೇನೆ. ಎಲ್ಲಿಂದ ಬಂತೆಂದು ಅವನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ನಮ್ಮಲ್ಲಿ ಹಾಗೆ ಸರ್. ಆದರೆ ಅವನಿಗೆ ಗೊತ್ತುಂಟು."

"ಗೊತ್ತುಂಟು ಸರ್," ಎಂದರು ಉಮಾನಾಥ. ಅಷ್ಟು ಮೆತ್ತಗಿನ ದನಿಯನ್ನು ಅವರ ಮನೆಯವರೂ ಕೇಳಿರಲಿಲ್ಲವಂತೆ.

ಆಫೀಸರು ನಕ್ಕರು. ತಮ್ಮ ಅಜ್ಜಿಮನೆ ಅಂಬಲಪಾಡಿಯಲ್ಲಿ, ಅಲ್ಲಿಯೂ ಹೀಗೇ ಎಂದರು. ಮೂವರ ಹೇಳಿಕೆ ಬರೆಸಿಕೊಂಡು ನೋಟೀಸು ರದ್ದು ಮಾಡಿದರು. ವಿನಾಯಿತಿ ಬಂತು, ಮೇ ತಿಂಗಳಲ್ಲಿ ಬಡ್ತಿಯೂ ಬಂತು. ಆದೇಶ ಬಂದ ದಿನ ಉಮಾನಾಥರೇ ಕಾರ್ಕಳದ ಬಸ್ಸು ಹತ್ತಿ ಹೋಗಿ, ಬ್ಯಾಂಕಿನವರೆಲ್ಲರ ಎದುರು ಬಾವನನ್ನು ಬಾಚಿ ತಬ್ಬಿಕೊಂಡರು.

ಬನ್ನಂಜೆಯಿಂದ ಮರಳಿದ ಬಾಯಿ ಹೊಸ ಸ್ಟಾಂಪು ಮಾಡಿಸಿದರು. ಅದರಲ್ಲಿ ಎರಡು ಸಾಲು: ಒಂದು ತಂದೆಗೆ, ಇನ್ನೊಂದು 'ಹಸ್ತೆ', ಅಂದರೆ ಹಣ ತಂದು ಕೊಟ್ಟವರಿಗೆ. ಈಗ ಮಾವಂದಿರಿಗೂ ಸಮಾಧಾನ, ತೆರಿಗೆಯವರಿಗೂ ಸಮಾಧಾನ. ಕಾರ್ಕಳದ ಒಂದು ಶಾಲೆಯವರು ನೋಡಿಕೊಂಡು ಹೋಗಿ ಅದೇ ಮಾಡಿದ್ದಾರೆ. ಈ ನಸುಕಿನ ಸಾಲು ಬೆಳೆದದ್ದೂ ಅಲ್ಲಿಂದಲೇ.

ಇಷ್ಟಾದರೂ ಅವರಿಗೊಂದು ಆಸೆ ಉಳಿದಿತ್ತು. "ಬನ್ನಂಜೆಯಲ್ಲಿ ಬಾಯಿ ಬಿಟ್ಟದ್ದು ಯಾರು? ಗುಣವತಿ. ರಶೀದಿಯಲ್ಲಿ ಅವರ ಹೆಸರು ಎಲ್ಲಿ ಉಂಟು? ನನ್ನ ಫೀಸು ಕಟ್ಟಿದ್ದು ಅಮ್ಮನ ಹಿಡಿಸೂಡಿ. ರಶೀದಿಯಲ್ಲಿ ಇದ್ದದ್ದು ಅಪ್ಪನ ಹೆಸರು. ಹೊಸ ರಶೀದಿ ಪುಸ್ತಕ ಅಚ್ಚಾಗುವಾಗ ತಾಯಿಗೆ ಮೂರನೆಯ ಸಾಲು ಬೇಕೆಂದು ಹೆಡ್‌ಮಾಸ್ತರರಲ್ಲಿ ಕೇಳಿದೆ. ಆಯಿತು ಎಂದರು."

ಕಿಟಕಿಯ ಹೊರಗಿನ ಸಾಲು ಕರಗಿದೆ. ದೀಪಸ್ತಂಭದ ಬೆಳಕು ಆರಿ, ಕಡಲು ಬೆಳ್ಳಗಾಗಿದೆ. ಬಾಯಿ ಮೇಜಿನ ಖಾನೆ ಎಳೆದು ಉಡುಪಿಯ ಪ್ರೆಸ್ಸಿನಿಂದ ನಿನ್ನೆ ಬಂದ ಕರಡು ಪ್ರತಿ ತೆಗೆದು ತೋರಿಸುತ್ತಾರೆ. ಅಚ್ಚಿನ ಮೊಳೆ ಜೋಡಿಸಿದವನು ಕ್ರಮ ತಪ್ಪಿದ್ದಾನೆ: 'ತಾಯಿ' ಎಂಬುದು ಎಲ್ಲಕ್ಕಿಂತ ಮೇಲೆ ಕೂತಿದೆ. ತಿದ್ದಬೇಕೇ ಎಂದು ಪ್ರೆಸ್ಸಿನವರು ಅಂಚಿನಲ್ಲಿ ಕೇಳಿದ್ದಾರೆ. ಅದರ ಕೆಳಗೆ ಬಾಯಿಯ ದುಂಡು ಅಕ್ಷರದಲ್ಲಿ 'ಸರಿ ಇದೆ' ಎಂದಿದೆ.

"ಇಷ್ಟು ವರ್ಷದಲ್ಲಿ," ಕನ್ನಡಕ ತೆಗೆದು ನಗುತ್ತಾರೆ ಕಾನ್ಸೆಪ್ಟಾ ಬಾಯಿ, "ನಾನು ತಿದ್ದದೆ ಬಿಟ್ಟ ತಪ್ಪು ಇದೊಂದೇ."