ವರ್ನಾ ಕಲಿಸಿದ ಮೌನ

ಹೋದ ತಿಂಗಳು ವರ್ನಾ ಟ್ರಿಜೈಸ್‌ಳನ್ನು ಮಣ್ಣು ಮಾಡಿ ಬಂದೆವು. ಪಾದ್ರಿ ಹತ್ತು ನಿಮಿಷ ಮಾತಾಡಿದ. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಕುಂಬಳಕಾಯಿ ಸೂಪ್ ಚೆನ್ನಾಗಿ ಮಾಡುತ್ತಿದ್ದಳು ಎಂದ. ಹೇಳಬೇಕಾದದ್ದನ್ನು ಮಾತ್ರ ಜಾಣತನದಿಂದ ನುಂಗಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಆದ್ದರಿಂದ ಅದನ್ನು ನಾನೇ ಹೇಳುತ್ತಿದ್ದೇನೆ.

ನನ್ನ ಹೆಸರು ಗ್ಲೆನಿಸ್. ಪೋರ್ಟ್ ಮೆರಿನ್‌ನ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವಳು. ಈ ಊರಿನ ಅರ್ಧ ಜನರನ್ನು ಮೊದಲು ಮುಟ್ಟಿದ್ದು ನನ್ನ ಕೈ. ವರ್ನಾ ಆಗ ಗೋಧಿ ಗೋದಾಮಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೂರುತ್ತಿದ್ದಳು. ನಮ್ಮಲ್ಲಿ ಬೇಸಿಗೆಯಾದ ಡಿಸೆಂಬರಿನ ಕೊಯ್ಲಿನಲ್ಲಿ, ಸುಡುಬಿಸಿಲಿನಲ್ಲಿ, ಮೂರು ಗಂಟೆ ಸಾಲಿನಲ್ಲಿ ಕಾದು ತಲೆಕೆಟ್ಟ ಲಾರಿ ಡ್ರೈವರುಗಳು ವೈರ್‌ಲೆಸ್ಸಿನಲ್ಲಿ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. "ಗೊತ್ತು ಮಾರಾಯ. ನಿನ್ ಮುಂದೆ ಇನ್ನು ನಾಲ್ಕೇ ಲಾರಿ. ಸ್ವಲ್ಪ ನೀರು ಕುಡಿ" ಎನ್ನುತ್ತಿದ್ದಳು ಇವಳು. ಅಷ್ಟಕ್ಕೇ ಆಸಾಮಿ ತೆಪ್ಪಗಾಗುತ್ತಿದ್ದ. ನನ್ನ ಗಂಡನೂ ಅವರಲ್ಲೊಬ್ಬ. ಮನೆಯಲ್ಲಿ ನನ್ನ ಮಾತಿಗೆ ಒಂದು ದಿನವೂ ತೆಪ್ಪಗಾದವನಲ್ಲ.

ವರ್ನಾಗೆ ಒಬ್ಬನೇ ಮಗ. ಹತ್ತೊಂಬತ್ತನೇ ವಯಸ್ಸಿಗೆ ಹೆತ್ತಿದ್ದು, ನಮ್ಮ ಆಸ್ಪತ್ರೆಯಲ್ಲೇ, ನಾನು ಕೆಲಸಕ್ಕೆ ಸೇರುವ ಮುಂಚೆ. ಕಾಲು ಕಟ್ಟಿ ಮಲಗಿಸಿದ್ದರಂತೆ. ಕಿರುಚಿದಾಗ ನರ್ಸ್ ತೊಡೆಗೆ ಬಾರಿಸಿ, "ಬಾಯ್ಮುಚ್ಚು. ಒಂಬತ್ತು ತಿಂಗಳ ಹಿಂದೆ ಹೀಗೆ ಕಿರುಚಿದ್ಯಾ?" ಎಂದಳಂತೆ. ಆ ಹೆದರಿಕೆಗೆ ವರ್ನಾ ಇನ್ನೊಂದು ಮಗುವಿನ ಆಸೆಯನ್ನೇ ಬಿಟ್ಟಳು. ಇದನ್ನು ನನಗೆ ಹೇಳುವಾಗ ಅವಳಿಗೆ ಅರವತ್ತು ವರ್ಷ. ಆಗಲೂ ತೊಡೆಯ ಆ ಜಾಗವನ್ನು ಬೆರಳಿಟ್ಟು ತೋರಿಸಿದಳು.

ಗೋದಾಮಿನಿಂದ ನಿವೃತ್ತಿಯಾದವಳೇ ಅಡಿಲೇಡಿಗೆ ಹೋಗಿ, ಹೆದರದೆ ಹೆರುವುದನ್ನು ಕಲಿಸುವ ಒಂದು ತರಬೇತಿ ಮುಗಿಸಿಕೊಂಡು ಬಂದಳು. ಚರ್ಚಿನ ಹಾಲ್‌ನಲ್ಲಿ ಬಸುರಿಯರಿಗೆ ಪಾಠ ಶುರುವಾಯಿತು. ನೆಲದ ಮೇಲೆ ದಿಂಬು, ಕಣ್ಣು ಮುಚ್ಚಿದ ಹೆಂಗಸರು, ಪಕ್ಕದಲ್ಲಿ ಕಕ್ಕಾಬಿಕ್ಕಿಯಾಗಿ ಕೂತ ಗಂಡಂದಿರು. ಪ್ರತಿಯೊಬ್ಬಳೂ ಮನಸ್ಸಿನಲ್ಲಿ ತನಗೆ ಇಷ್ಟವಾದ ಒಂದು ಜಾಗ ಹುಡುಕಿಕೊಳ್ಳಬೇಕು. ಉಸಿರು ಬಿಡುತ್ತಾ ಬಿಡುತ್ತಾ ಅದರೊಳಗೆ ಇಳಿಯಬೇಕು. ಮನೆಯಲ್ಲಿ ದಿನವೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ವರ್ನಾಳ ದನಿ ಹಾಕಿಕೊಂಡು ಅಭ್ಯಾಸ ಮಾಡಬೇಕು. ಆ ಹಾಲ್‌ನಲ್ಲಿ ನೋವು ಅನ್ನುವ ಮಾತನ್ನು ಆಡುವಂತಿರಲಿಲ್ಲ. ಅದು ನೋವಲ್ಲ, ಅಲೆ. ಬರುತ್ತದೆ, ಏರುತ್ತದೆ, ಇಳಿದು ಹೋಗುತ್ತದೆ.

"ಅಲೆಯಂತೆ ಅಲೆ," ಎಂದು ನಾನು ರೇಗಿಸುತ್ತಿದ್ದೆ. "ಆ ಅಲೆ ಬಂದಾಗ ನನ್ ಕೈ ಮೂಳೆ ಪುಡಿಯಾಗೋ ಹಾಗೆ ಹಿಡ್ಕೋತಾರಲ್ಲ, ಅದಕ್ಕೇನಂತೀಯ?"

"ಅದಕ್ಕೇ ತಾನೇ ನಿಂಗೆ ಎರಡು ಕೈ ಕೊಟ್ಟಿರೋದು," ಎನ್ನುತ್ತಿದ್ದಳು.

ನಾನು ನಕ್ಕೆ, ನಿಜ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಾರೆ. ಅವಳ ಹತ್ತಿರ ಕಲಿತು ಬಂದವರು ನಡುಗುತ್ತಾ ಬರುತ್ತಿರಲಿಲ್ಲ. ನಾಲ್ಕು ಕಿಲೋ ಮಗುವನ್ನು ಗುನುಗುತ್ತಾ ಹೆತ್ತವಳನ್ನು ನೋಡಿದ್ದೇನೆ. ನಾಲ್ಕು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಹೆರಿಗೆ, ಒಂದಕ್ಕೂ ತೊಂದರೆಯಿಲ್ಲ. ಅವರೆಲ್ಲ ಬರುವಾಗ ವರ್ನಾ ಬರೆದುಕೊಟ್ಟ ಒಂದು ಹಾಳೆಯನ್ನು ತಂದು ಬಾಗಿಲಿಗೆ ಅಂಟಿಸುತ್ತಿದ್ದರು: ದೀಪ ಮಂದವಾಗಿರಲಿ. ಮೆಲ್ಲಗೆ ಮಾತಾಡಿ. ಅಗತ್ಯವಿಲ್ಲದೆ ಮಾತಾಡಿಸಬೇಡಿ. ನೋವು ಎಷ್ಟಿದೆ ಎಂದು ದಯವಿಟ್ಟು ಕೇಳಬೇಡಿ.

ಟೀಗನ್ ಹೋಸ್ಕಿಂಗ್ ಅವಳ ಶಿಷ್ಯರಲ್ಲೆಲ್ಲ ಗಟ್ಟಿಗಿತ್ತಿ. ಇಪ್ಪತ್ತೇಳು ವರ್ಷದ ಹುಡುಗಿ, ಚಾಕುವಿನಿಂದ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಕೆಲಸ, ಚೊಚ್ಚಲು. ಅವಳು ಮನಸ್ಸಿನಲ್ಲಿ ಆರಿಸಿಕೊಂಡ ಜಾಗ ಅವಳ ಅಜ್ಜ ಕಟ್ಟಿದ ಮರದ ಜೆಟ್ಟಿ, ದಡದಿಂದ ಸಮುದ್ರದೊಳಕ್ಕೆ ಚಾಚಿಕೊಂಡಿರುವಂಥದ್ದು. ಒಂದು ಉಸಿರಿಗೆ ಒಂದು ಹಲಗೆ ದಾಟಬೇಕು. ಮೂರು ತಿಂಗಳಲ್ಲಿ ಎಷ್ಟು ಪಳಗಿದಳೆಂದರೆ, ಇಂಜೆಕ್ಷನ್ ಬೇಡವೆಂದು ಹೇಳಿ ಹಲ್ಲು ಕೊರೆಸಿಕೊಂಡು ಬಂದಳು. ವರ್ನಾ ಅದನ್ನು ಬೇಕರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಹಿಗ್ಗಿದಳು.

ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದಕ್ಕೆ ಟೀಗನ್ ತನ್ನ ಗಂಡ ಕೋರಿಯ ಜೊತೆ ಬಂದಳು. ಎಲ್ಲ ಸರಿಯಾಗಿತ್ತು. ಡಾಕ್ಟರ್ ನೋಡಿ, ಇನ್ನೂ ಹೊತ್ತಿದೆ ಎಂದು ತಮ್ಮ ಕ್ಲಿನಿಕ್ಕಿಗೆ ಹೋದರು. ಕೋರಿ ಹಾಳೆ ಅಂಟಿಸಿದ. ಒಂದೂ ಹತ್ತಕ್ಕೆ ನಾನು ಮಗುವಿನ ಎದೆಬಡಿತ ಕೇಳಿದೆ, ಚೆನ್ನಾಗಿತ್ತು. ಅರ್ಧ ಗಂಟೆಗೊಮ್ಮೆ ಕೇಳಬೇಕೆನ್ನುವುದು ನಿಯಮ. ಒಂದೂ ನಲವತ್ತಕ್ಕೆ ಬಡಿತ ಕೇಳುವ ಯಂತ್ರ ಕೈಯಲ್ಲಿ ಹಿಡಿದು ಬಾಗಿಲು ತೆರೆದೆ. ಕೋಣೆ ಮಬ್ಬಾಗಿತ್ತು, ಫೋನಿನಲ್ಲಿ ವರ್ನಾಳ ದನಿ ಇತ್ತು. ಟೀಗನ್‌ಳ ಮುಖ ನಿದ್ದೆಹೋದ ಕೂಸಿನ ಮುಖದಂತಿತ್ತು. ಕೋರಿ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಇಷ್ಟು ನೆಮ್ಮದಿಯಾಗಿರುವವಳನ್ನು ಯಾಕೆ ಎಬ್ಬಿಸಲಿ, ಇನ್ನು ಹತ್ತು ನಿಮಿಷ ಬಿಟ್ಟು ಬರೋಣ ಎಂದುಕೊಂಡೆ. ಬಾಗಿಲು ಮುಚ್ಚಿ ಟೀ ಕುಡಿಯಲು ಹೋದೆ. ಅದು ನಾನು ಮಾಡಿದ ಕೆಲಸ. ಅದನ್ನು ವರ್ನಾಳ ತಲೆಗೆ ಕಟ್ಟುವುದಿಲ್ಲ.

ಎರಡು ಗಂಟೆ ಐದು ನಿಮಿಷಕ್ಕೆ ಒಳಗೆ ಹೋದಾಗ ಅವಳ ತುಟಿ ಬೆಳ್ಳಗಾಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಹಲಗೆಯ ಹಾಗೆ ಗಟ್ಟಿಯಾಗಿತ್ತು, ಸಡಿಲವಾಗಲೇ ಇಲ್ಲ. ಎದೆಬಡಿತ ಹುಡುಕಿದೆ, ಎಲ್ಲಿಯೂ ಸಿಗಲಿಲ್ಲ.

"ಟೀಗನ್, ಎಲ್ಲಿ ನೋಯ್ತಿದೆ ಹೇಳು," ಎಂದೆ.

"ದೊಡ್ಡ ಅಲೆ," ಎಂದಳು, ಕಣ್ಣು ತೆರೆಯದೆ. "ಇಳೀತಾನೇ ಇಲ್ಲ. ನಾನು ಮುಂದೆ ಮುಂದೆ ಹೋಗ್ತಾ ಇದ್ದೀನಿ."

ಮಗುವಿಗೆ ಉಸಿರು ಕೊಡುವ ಮಾಸು ಒಳಗೇ ಕಳಚಿಕೊಂಡು, ಹೊರಗೆ ಒಂದು ತೊಟ್ಟೂ ಕಾಣದಂತೆ ಒಳಗೆಲ್ಲ ರಕ್ತ ತುಂಬಿತ್ತು. ಬೇರೆ ಯಾವ ಹೆಂಗಸಾಗಿದ್ದರೂ ಆಸ್ಪತ್ರೆಯ ಸೂರು ಹಾರಿಹೋಗುವಂತೆ ಅರಚುತ್ತಿದ್ದಳು. ಡಾಕ್ಟರ್ ಓಡಿ ಬಂದು ಹೊಟ್ಟೆ ಕೊಯ್ದು ಅವಳನ್ನು ಉಳಿಸಿದರು. ಗಂಡು ಮಗು, ಮೂರು ಕಿಲೋ ಇನ್ನೂರು ಗ್ರಾಂ, ಮೈ ತುಂಬಿಕೊಂಡಿತ್ತು, ಉಸಿರಿರಲಿಲ್ಲ. ಅವಳಿಗೆ ಎಚ್ಚರ ಬಂದ ಮೇಲೆ ನಾನೇ ಮಗುವನ್ನು ತೊಳೆದು ಸುತ್ತಿ ಅವಳ ಎದೆಯ ಮೇಲೆ ಮಲಗಿಸಿದೆ. ಅವಳು ಕಣ್ಣು ತೆರೆಯಲಿಲ್ಲ. ನಿಧಾನವಾಗಿ ಉಸಿರು ಬಿಡುತ್ತಿದ್ದಳು. ಅರಿವಳಿಕೆಯ ಮಂಪರು ಎಂದುಕೊಂಡೆವು.

ವಿಚಾರಣೆಗೆ ಅಡಿಲೇಡಿನಿಂದ ಮೂವರು ಬಂದರು. ನಾನು ಟೀ ಕುಡಿಯಲು ಹೋದದ್ದನ್ನು ಹೇಳಿದೆ, ಬರೆದುಕೊಂಡರು. ವರ್ನಾಳನ್ನು ಕರೆದು, ನೋವನ್ನು ಹೇಳಬಾರದು ಎಂದು ಕಲಿಸಿದ್ದೀರಾ ಎಂದು ಕೇಳಿದರು. ಹೌದು ಎಂದಳು. ಹೊರಗೆ ಬಂದ ಮೇಲೆ ನಾನು ಅವಳ ಮೇಲೆ ರೇಗಿದೆ.

"ಯಾಕೆ ಹಾಗಂದೆ? ಏನಾದ್ರೂ ಬೇರೆ ತರ ಅನ್ಸಿದ್ರೆ ನರ್ಸಿಗೆ ಹೇಳಿ ಅಂತ ನೀನು ಪಾಠದಲ್ಲಿ ಹೇಳ್ತಿರ್ಲಿಲ್ವಾ?"

"ಅದನ್ನ ಒಂದು ಸಲ ಹೇಳ್ದೆ ಗ್ಲೆನ್," ಎಂದಳು. "ಇನ್ನೊಂದನ್ನ ತೊಂಬತ್ತು ದಿನ ಹೇಳ್ದೆ."

ಹಾಲ್‌ನ ಪಾಠ ನಿಂತಿತು. ಅವಳು ಬೇಕರಿಗೆ ಕಾಲಿಟ್ಟರೆ ಮಾತಾಡುತ್ತಿದ್ದವರು ಬ್ರೆಡ್ಡು ನೋಡುತ್ತಾ ನಿಲ್ಲುತ್ತಿದ್ದರು. "ಜೋಗುಳದಮ್ಮ ಬಂದ್ಲು ನೋಡು," ಎಂದು ಯಾವನೋ ಪಬ್ಬಿನ ಮುಂದೆ ಅವಳಿಗೆ ಕೇಳುವಂತೆಯೇ ಅಂದ. ಅವಳು ತಾನೂ ಮಾತು ಬಿಟ್ಟಳು. ಅಂಗಡಿಯಲ್ಲಿ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಜನವರಿಯಲ್ಲಿ ಕೋರಿ ನನ್ನ ಮನೆಗೆ ಬಂದ. ಐದು ತಿಂಗಳಲ್ಲಿ ಹುಡುಗ ಅರ್ಧವಾಗಿದ್ದ.

"ಅವಳು ಒಂದ್ಸಲಾನೂ ಅತ್ತಿಲ್ಲ," ಎಂದ. "ಅಡುಗೆ ಮಾಡ್ತಾಳೆ, ಶೆಡ್ಡಿಗೆ ಹೋಗ್ತಾಳೆ, ಬಂದು ಕುರ್ಚೀಲಿ ಕೂತು ಕಣ್ಮುಚ್ತಾಳೆ. ಮೊನ್ನೆ ಸಿಂಪಿ ಚಾಕು ಅಂಗೈಗೆ ಇಳೀತು. ಏಳು ಹೊಲಿಗೆ. ಅವಳಿಗೆ ಗೊತ್ತೇ ಆಗಿಲ್ಲ, ರಕ್ತ ಸುರೀತಿದ್ರೂ ಕೆಲಸ ಮಾಡ್ತಾನೇ ಇದ್ಳಂತೆ. ಮಾತ್ರೆ ಕೊಟ್ಟಾಯ್ತು. ಅಡಿಲೇಡಿನ ಮನಸ್ಸಿನ ಡಾಕ್ಟರು ಕಂಪ್ಯೂಟರಲ್ಲಿ ಮಾತಾಡಿದ್ದೂ ಆಯ್ತು. ಎಲ್ಲದಕ್ಕೂ ಹೂಂ ಅಂತಾಳೆ. ಅವಳು ಆ ಜೆಟ್ಟಿ ಮೇಲೇ ಇದ್ದಾಳೆ ಗ್ಲೆನಿಸ್."

"ನನ್ನಿಂದೇನಾಗಬೇಕಪ್ಪ?"

"ವರ್ನಾನ ಕರ್ಕೊಂಡು ಬನ್ನಿ. ಆ ಹೆಂಗಸಿನ ಮುಖ ನೋಡೋಕೂ ನಂಗಿಷ್ಟ ಇಲ್ಲ. ಆದ್ರೆ ಅಲ್ಲಿಗೆ ಕಳ್ಸಿದ್ದು ಅವಳು. ಅವಳೇ ವಾಪಸ್ ಕರ್ಕೊಂಡು ಬರ್ಲಿ. ಮುಂದಿನ ಸಲ ಕತ್ತರಿಸೋದು ಕೈನಾ, ಏನನ್ನ ಅಂತ ನಂಗೊತ್ತಿಲ್ಲ."

ನಾನು ಹೋದಾಗ ವರ್ನಾ ಹಿತ್ತಿಲಿನಲ್ಲಿ ಮೀನು ಹಸನು ಮಾಡುತ್ತಿದ್ದಳು. ವಿಷಯ ಕೇಳಿ ಚಾಕು ಕೆಳಗಿಟ್ಟಳು. "ಆಗಲ್ಲ. ನನ್ ಬಾಯಿಂದ ಇನ್ನೊಂದು ಮಾತು ಆ ಹುಡುಗಿ ಕಿವಿಗೆ ಬೀಳ್ಬಾರ್ದು."

ನನ್ನ ಸಿಟ್ಟು ನೆತ್ತಿಗೇರಿತು. "ಮೂಗಿ ತರ ಕೂತ್ಕೊಂಡ್ರೆ ಪಾಪ ತೊಳ್ದು ಹೋಗುತ್ತೆ ಅನ್ಕೊಂಡಿದ್ದೀಯಾ? ಬಾಗಿಲು ಹಾಕ್ಕೊಂಡು ಹೋದವಳು ನಾನು. ಆದ್ರೂ ದಿನಾ ಅದೇ ಬಾಗಿಲು ತೆಗೆದು ಕೆಲಸಕ್ಕೆ ಹೋಗ್ತಿಲ್ವಾ?"

"ಅದಲ್ಲ ಗ್ಲೆನ್," ಎಂದಳು. ಐದು ತಿಂಗಳು ಆಡದೆ ಆ ದನಿ ಒರಟಾಗಿತ್ತು. "ಅವಳು ಅಲ್ಲಿಂದ ಬಂದ್ರೆ ಇಲ್ಲಿ ಏನಿದೆ? ಸತ್ತ ಮಗು ಬಿಟ್ಟು ಇನ್ನೇನಿದೆ? ಅದನ್ನ ಅವಳ ಕೈಗೆ ಕೊಡೋಕೆ ನಾನು ಹೋಗ್ಲಾ?"

ನಾನು ಅಂಗೈಯ ಏಳು ಹೊಲಿಗೆಯ ಮಾತನ್ನೇ ಇನ್ನೊಂದು ಸಲ ಹೇಳಿದೆ. ಅವಳು ಕೈ ತೊಳೆದುಕೊಂಡು ನನ್ನ ಕಾರಿನಲ್ಲಿ ಬಂದು ಕೂತಳು.

ಮಧ್ಯಾಹ್ನ ಮೂರು ಗಂಟೆ. ಕೋರಿಯ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಟೀಗನ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು, ಬಲಗೈಗೆ ಬ್ಯಾಂಡೇಜು. ಕೋರಿ ವರ್ನಾಳಿಗೆ ಬಾ ಎಂದೂ ಹೇಳದೆ ಅಡುಗೆಮನೆಗೆ ಹೋದ. ವರ್ನಾ ಮೋಟು ಸ್ಟೂಲೊಂದನ್ನು ಎಳೆದುಕೊಂಡು ಅವಳ ಮೊಣಕಾಲ ಹತ್ತಿರ ಕೂತಳು.

"ಟೀಗನ್, ನಾನು ವರ್ನಾ. ಎಷ್ಟನೇ ಹಲಗೆ ಮೇಲಿದ್ದೀಯ?"

"ಎಣಿಸೋದು ಬಿಟ್ಟೆ," ಎಂದಳು ಟೀಗನ್ ತಕ್ಷಣ, ಇದನ್ನೇ ಕಾಯುತ್ತಿದ್ದವಳಂತೆ. "ದಡ ಕಾಣ್ತಿಲ್ಲ."

"ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ. ಚೆನ್ನಾಗಿದೆ ಇಲ್ಲಿ."

"ತಿರುಗು ಮಗಳೇ. ದಡದ ಕಡೆಗೆ ತಿರುಗು. ನಾನು ಸುಳ್ಳು ಹೇಳಲ್ಲ. ಈ ಕಡೆ ಬಂದ್ರೆ ನೋವಾಗುತ್ತೆ. ತುಂಬಾ ನೋವಾಗುತ್ತೆ. ಆದ್ರೂ ಬಾ. ನಾನಿಲ್ಲೇ ಕೂತಿದ್ದೀನಿ."

ಒಂದೊಂದೇ ಹಲಗೆ ಹಿಂದಕ್ಕೆ ಕರೆದುಕೊಂಡು ಬಂದಳು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮೊದಲು ಟೀಗನ್‌ಳ ಹಣೆ ಗಂಟಿಕ್ಕಿತು. ಆಮೇಲೆ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದವು. ಆಮೇಲೆ ಹೊಟ್ಟೆಯ ತಳದಿಂದ ಒಂದು ಸದ್ದು ಎದ್ದಿತು. ಅದು ನನಗೆ ಗೊತ್ತಿರುವ ಸದ್ದು. ಮೂವತ್ತೆಂಟು ವರ್ಷ ಕೇಳಿದ್ದು. ಆಗಸ್ಟಿನ ಆ ಮಧ್ಯಾಹ್ನ ಕೇಳಬೇಕಾಗಿದ್ದು. ಕೋರಿ ಓಡಿ ಬಂದ, ನಾನು ಅಡ್ಡ ನಿಂತೆ.

ಟೀಗನ್ ಕಣ್ಣು ಬಿಟ್ಟಳು. "ನೋವು," ಎಂದಳು. "ಆವತ್ತೂ ನೋವಿತ್ತು. ಹೋಗಿ ಬರೋ ನೋವಲ್ಲ. ಏನೋ ಕಿತ್ಕೊಂಡ ಹಾಗಾಯ್ತು. ನಂಗೊತ್ತಾಯ್ತು. ಹೇಳ್ಬೇಕಿತ್ತು. ನೀನು ಹೇಳ್ಬೇಡ ಅಂದಿದ್ದೆ."

"ಹೌದು. ನಾನೇ ಅಂದಿದ್ದೆ."

ಟೀಗನ್ ಬ್ಯಾಂಡೇಜಿನ ಕೈಯಿಂದಲೇ ಅವಳ ಭುಜಕ್ಕೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಬ್ಯಾಂಡೇಜು ಕೆಂಪಾಯಿತು. ವರ್ನಾ ಅಲುಗಾಡದೆ ಕೂತಿದ್ದಳು.

ಆಮೇಲೆ ಹುಡುಗಿ ನನ್ನ ಕಡೆ ತಿರುಗಿದಳು. "ನೀವು ಮಗೂನ ತಂದು ಮಲಗಿಸಿದ್ರಿ. ನಾನು ನೋಡ್ಲಿಲ್ಲ. ಅವನ ಕಣ್ಣು ಯಾವ ಬಣ್ಣ ಇತ್ತು?"

ನಾನು ಅವನನ್ನು ತೂಗಿದ್ದೆ. ತೊಳೆದಿದ್ದೆ. ಪಾದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಗುರುತು ತೆಗೆದಿದ್ದೆ. ನೀಲಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು, ಅವಳು ಅದನ್ನು ಸಾಯುವ ತನಕ ಇಟ್ಟುಕೊಳ್ಳುತ್ತಿದ್ದಳು. ವರ್ನಾ ನನ್ನನ್ನು ನೋಡಿ, ಬೇಡ ಎಂದು ತಲೆಯಾಡಿಸಿದಳು.

"ಗೊತ್ತಿಲ್ಲ ಕಣಮ್ಮ," ಎಂದೆ. "ಕಣ್ಣು ಮುಚ್ಚಿಕೊಂಡಿದ್ದ. ನಾನು ತೆರೆದು ನೋಡ್ಲಿಲ್ಲ. ಯಾರೂ ನೋಡ್ಲಿಲ್ಲ."

ಆಗ ಅವಳು ಬೀದಿಗೆ ಕೇಳುವಂತೆ ಅಳಲು ಶುರುಮಾಡಿದಳು. ಎದುರು ಮನೆಯ ಮುದುಕ ಗಿಡಗಳಿಗೆ ನೀರು ಹಾಕುತ್ತಿದ್ದವನು ಪೈಪು ಹಿಡಿದುಕೊಂಡೇ ಬೀದಿಗೆ ಬಂದು ನಿಂತ. ಕೋರಿ ಕಿಟಕಿ ಮುಚ್ಚಲು ಹೋದ. ವರ್ನಾ ಎದ್ದು ಹೋಗಿ ಅವನ ಕೈ ಹಿಡಿದು ತಡೆದಳು. ಕಿಟಕಿ ತೆರೆದೇ ಇತ್ತು.